ಕಾಂಪೌಂಡಿನಾಚೆಯ ಹತ್ತನೇ ಕ್ಲಾಸು

ಹತ್ತನೇ ಕ್ಲಾಸಿನಲ್ಲಿರುವ ಮಕ್ಕಳನ್ನು ನಮ್ಮ ಜಯನಗರದಲ್ಲಿ ಯಾರೂ ‘ಚೆನ್ನಾಗಿದ್ದೀಯಾ’ ಅಂತ ಕೇಳುವುದಿಲ್ಲ. ರಾಗಿಗುಡ್ಡದ ಮೆಟ್ಟಿಲ ಮೇಲೆ ಸಿಕ್ಕರೂ ಸರಿ, ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸಿನಲ್ಲಿ ಅವರೆಕಾಯಿ ಆರಿಸುವಾಗ ಸಿಕ್ಕರೂ ಸರಿ, ಮೊದಲ ಪ್ರಶ್ನೆ ‘ಎಷ್ಟು ಬರತ್ತೆ?’ ಎರಡನೆಯದು ‘ಸೈನ್ಸಾ, ಕಾಮರ್ಸಾ?’ ಮಗು ಅಪ್ಪಿತಪ್ಪಿ ‘ಆರ್ಟ್ಸ್’ ಅಂದುಬಿಟ್ಟರೆ ಮೂರನೇ ಪ್ರಶ್ನೆ ಪಕ್ಕದಲ್ಲಿ ನಿಂತ ಅಮ್ಮನಿಗೆ: ‘ಯಾಕ್ರೀ, ಮನೇಲಿ ಏನಾದ್ರೂ ತೊಂದರೇನಾ?’

ಇಷ್ಟು ಕೇಳಿ ಮುಗಿಸಿದವರೇ ಆಮೇಲೆ ತಮ್ಮ ತಮ್ಮಲ್ಲಿ ಮಾತಿಗೆ ಕೂತು, ಈಗಿನ ಮಕ್ಕಳಿಗೆ ಲೋಕಜ್ಞಾನವೇ ಇಲ್ಲ, ಪೇಪರ್ ಮುಟ್ಟಲ್ಲ, ಫೋನಿನೊಳಗೆ ಮುಖ ತೂರಿಸಿಕೊಂಡಿರುತ್ತವೆ ಅಂತ ತೀರ್ಪು ಕೊಡುತ್ತಾರೆ. ಈ ತೀರ್ಪಿನ ಮೇಲೆ ಮೇಲ್ಮನವಿ ಹಾಕಬೇಕು ಅಂತ ನನಗೆ ಬಹಳ ದಿನದ ಆಸೆ. ಸಾಕ್ಷಿ ನಮ್ಮ ಪಕ್ಕದ ಮನೆಯಲ್ಲೇ ಇದ್ದಾಳೆ.

ನಾಲ್ಕನೇ ಟಿ ಬ್ಲಾಕಿನ ನಮ್ಮ ರಸ್ತೆಯಲ್ಲಿ ಎದೆಮಟ್ಟದ ಕಾಂಪೌಂಡ್ ಉಳಿದಿರುವುದು ನಮ್ಮೆರಡು ಮನೆಗಳ ನಡುವೆ ಮಾತ್ರ. ಮಿಕ್ಕ ಸೈಟುಗಳಲ್ಲೆಲ್ಲ ಹಳೇ ಮನೆ ಹೋಗಿ ನಾಲ್ಕಂತಸ್ತು ಎದ್ದಿವೆ. ಕೆಳಗೆ ಕಾರು, ಗೇಟಿಗೊಂದು ಕ್ಯಾಮೆರಾ. ಕ್ಯಾಮೆರಾದ ಜೊತೆ ಹರಟೆ ಹೊಡೆಯಲು ಬರುವುದಿಲ್ಲ. ನಮ್ಮ ಗೋಡೆಯ ಆ ಕಡೆ ಹುಡುಗಿ ಮತ್ತು ಅವಳ ಅಜ್ಜಿ, ಈ ಕಡೆ ನಾನು ಮತ್ತು ನನ್ನ ದಾಸವಾಳ. ಹುಡುಗಿ ಅನುದಾನಿತ ಶಾಲೆಯೊಂದರಲ್ಲಿ ಸ್ಟೇಟ್ ಸಿಲಬಸ್ಸು. ಸ್ಪೆಷಲ್ ಕ್ಲಾಸ್ ಮುಗಿಸಿ ಟ್ಯೂಷನ್ನಿಗೆ ಹೊರಡುವ ಮುಂಚೆ ಸಿಗುವ ಸ್ವಲ್ಪ ಹೊತ್ತನ್ನು ಅವಳು ಗೋಡೆಗೆ ಒರಗಿ ಚುರುಮುರಿ ತಿನ್ನುವುದಕ್ಕೂ ಜಗತ್ತನ್ನು ಬಯ್ಯುವುದಕ್ಕೂ ಮೀಸಲಿಟ್ಟಿದ್ದಾಳೆ.

‘ಪೇಪರ್ ಓದ್ತೀಯೇನೇ?’ ಅಂತ ನಾನೂ ಒಮ್ಮೆ ಕೇಳಿದ್ದೆ.

‘ನಾನ್ಯಾಕೆ ಓದ್ಲಿ ಆಂಟಿ? ಪೇಪರಲ್ಲಿ ಬರೋದೆಲ್ಲ ನನಗೆ ಆಗ್ತಾನೇ ಇರತ್ತಲ್ಲ!’

ನಾನು ನಕ್ಕೆ. ಅವಳು ನಗಲಿಲ್ಲ, ಬೆರಳು ಮಡಿಸುತ್ತ ಲೆಕ್ಕ ಶುರು ಮಾಡಿದಳು.

2020ರ ಮಾರ್ಚ್‌ನಲ್ಲಿ ಅವಳು ನಾಲ್ಕನೇ ಕ್ಲಾಸು. ಪರೀಕ್ಷೆಗೆ ಓದಿಕೊಂಡು ಕೂತಿದ್ದಳು, ಕೊರೋನ ಬಂತು. ಪರೀಕ್ಷೆ ಇಲ್ಲ, ಎಲ್ಲರೂ ಪಾಸ್. ಐದನೇ ಕ್ಲಾಸಿಗೆ ಆನ್‌ಲೈನ್ ಪಾಠ ಅಂದರು. ಜೂನ್‌ನಲ್ಲಿ ಸರ್ಕಾರ ಎಲ್‌ಕೆಜಿಯಿಂದ ಐದನೇ ಕ್ಲಾಸಿನವರೆಗೆ ಆನ್‌ಲೈನ್ ಪಾಠ ಕೂಡದು ಅಂತ ನಿಷೇಧಿಸಿತು. ಜುಲೈ 8ಕ್ಕೆ ಹೈಕೋರ್ಟು ಆ ನಿಷೇಧಕ್ಕೇ ತಡೆ ಕೊಟ್ಟಿತು. ‘ಮೊದಲು ಫೋನ್ ಮುಟ್ಟಬೇಡ ಅಂತಿದ್ರು. ಆಮೇಲೆ ಫೋನ್ ಮುಂದೆನೇ ಕೂತ್ಕೋ ಅಂದ್ರು. ಮಧ್ಯ ಬೇಡ ಅಂದ್ರು, ಮತ್ತೆ ಬೇಕು ಅಂದ್ರು. ಈಗ ಅವರೇ ಕೇಳ್ತಾರೆ, ಯಾವಾಗ್ಲೂ ಯಾಕೆ ಫೋನು ಅಂತ!’

ಐದನೇ ಕ್ಲಾಸಿನ ಕೊಠಡಿಯನ್ನು ಅವಳು ಒಳಗಿಂದ ನೋಡಲೇ ಇಲ್ಲ. ಆ ವರ್ಷದ ಶಾಲೆ ನಡೆದದ್ದು ಊಟದ ಮೇಜಿನ ಮೇಲೆ, ಅಜ್ಜಿಯ ಒಗ್ಗರಣೆಯ ಸದ್ದಿನ ಪಕ್ಕದಲ್ಲಿ. ಟೀಚರ್ ಒಂದು ದಿನ ‘ಯಾರದು, ಮ್ಯೂಟ್ ಮಾಡಿ’ ಅಂತ ಗದರಿದಾಗ ಅಜ್ಜಿ ಸೌಟು ಕೆಳಗಿಟ್ಟು ‘ತಪ್ಪಾಯ್ತು ಮಿಸ್’ ಅಂದದ್ದನ್ನು ಇಡೀ ಕ್ಲಾಸು ಕೇಳಿಸಿಕೊಂಡಿತಂತೆ. ಅದೇ ಅವಧಿಯಲ್ಲಿ ಅವಳ ಅತ್ತೆಯ ಮಗ ಎಸ್ಸೆಸ್ಸೆಲ್ಸಿ. 2021ರ ಜುಲೈನಲ್ಲಿ ಎರಡೇ ದಿನದಲ್ಲಿ ಆರೂ ವಿಷಯಗಳ ಪರೀಕ್ಷೆ, ಎಲ್ಲ ಟಿಕ್ ಹಾಕುವ ಪ್ರಶ್ನೆಗಳು, ಇಡೀ ರಾಜ್ಯದಲ್ಲಿ ಫೇಲಾದದ್ದು ಒಬ್ಬರೇ. ‘ಅವನಿಗೆ ಈಗ್ಲೂ ಕೊರೋನ ಪಾಸ್ ಅಂತಾನೇ ಹೆಸರು. ಪಾಪ, ಅವನು ನಿಜವಾಗ್ಲೂ ಓದಿದ್ದ. ಓದಿದ್ದಕ್ಕೆ ಪ್ರೂಫೇ ಇಲ್ಲ.’

2021ರ ಸೆಪ್ಟೆಂಬರಿನಲ್ಲಿ ಆರನೇ ಕ್ಲಾಸಿನ ಬೆಂಚಿಗೆ ಬಂದು ಕೂತಳು, ಮಾಸ್ಕ್ ಹಾಕಿಕೊಂಡು. ಜನವರಿಯಲ್ಲಿ ಓಮಿಕ್ರಾನ್, ಬೆಂಗಳೂರಿನ ಶಾಲೆಗಳಿಗೆ ಮತ್ತೆ ಬೀಗ. ಏಳನೇ ಕ್ಲಾಸು ಒಂದಿಷ್ಟು ನೆಮ್ಮದಿಯದು. ಎಂಟಕ್ಕೆ ಬಂದಾಗ ಅವಳ ಸ್ವರವೇ ಬೇರೆಯಾಯಿತು. ‘2023–24 ಆಂಟಿ. ಅದರ ಮೇಲೆ ವೆಬ್ ಸೀರೀಸ್ ಮಾಡಬಹುದು.’

ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಸೊನ್ನೆ ರೂಪಾಯಿಯ ಟಿಕೆಟ್. ಕ್ಲಾಸಿನ ಹುಡುಗರು ಪಾಸಿಗೆ ದುಡ್ಡು ಕಟ್ಟುತ್ತ, ಸಮಾನತೆಯ ಬಗ್ಗೆ ಜೀವನದಲ್ಲಿ ಮೊದಲ ಸಲ ಗಂಭೀರವಾಗಿ ಚಿಂತಿಸಿದರು. ಸೋಷಿಯಲ್ ಮಿಸ್ ‘ಕಾನೂನಿನ ಮುಂದೆ ಎಲ್ಲರೂ ಸಮಾನರು’ ಅಂದ ಕೂಡಲೇ ಹಿಂದಿನ ಬೆಂಚಿನಿಂದ ‘ಬಿಎಂಟಿಸಿ ಮುಂದೆ ಮಿಸ್?’ ಅಂತ ಬಂತು. ಇವಳಿಗೆ ಲಾಭ ಬೇರೆಯೇ ಇತ್ತು. ಮೊದಲೆಲ್ಲ ಬನಶಂಕರಿಯ ಗೆಳತಿಯ ಮನೆಗೆ ಹೋಗಬೇಕಾದರೆ ಅಮ್ಮನ ಹತ್ತಿರ ಬಸ್ಸಿನ ದುಡ್ಡು ಕೇಳಬೇಕು, ದುಡ್ಡು ಕೇಳಿದರೆ ಕಾರಣ ಹೇಳಬೇಕು. ‘ಆಮೇಲಿಂದ ಕಾರಣವೂ ಫ್ರೀ’ ಅಂದಳು.

ಆಗಸ್ಟ್ 23ರ ಸಂಜೆ ಆರು ಗಂಟೆ ನಾಲ್ಕು ನಿಮಿಷಕ್ಕೆ ಚಂದ್ರಯಾನ-3 ಇಳಿಯಿತು. ಮರುದಿನದ ಅಸೆಂಬ್ಲಿಯಲ್ಲಿ ಶಾಲೆಯ ಮುಕ್ಕಾಲು ಪಾಲು ಮಕ್ಕಳು ವಿಜ್ಞಾನಿಗಳಾಗಲು ನಿರ್ಧರಿಸಿದರು. ಸೆಪ್ಟೆಂಬರಿನಲ್ಲಿ ಕಾವೇರಿ ಗಲಾಟೆ. 26ಕ್ಕೆ ಬೆಂಗಳೂರು ಬಂದ್, 28ಕ್ಕೆ ಈದ್ ಮಿಲಾದ್, 29ಕ್ಕೆ ಕರ್ನಾಟಕ ಬಂದ್. ನಡುವೆ ಸಿಕ್ಕ 27ನೇ ತಾರೀಕನ್ನು ಗಣಿತದ ಮೇಷ್ಟ್ರು ವ್ಯರ್ಥ ಮಾಡಲಿಲ್ಲ, ಟೆಸ್ಟ್ ಇಟ್ಟರು. ‘ತಮಿಳುನಾಡಿಗೆ ಬಿಟ್ಟ ನೀರಿಗಿಂತ ಜಾಸ್ತಿ ಕಣ್ಣೀರು ಅವತ್ತು ನಮ್ಮ ಕ್ಲಾಸಲ್ಲಿ ಹರೀತು.’

ಡಿಸೆಂಬರ್ 1, ಶುಕ್ರವಾರ. ನಗರದ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ ಒಂದೇ ಬೆಳಗ್ಗೆ ಬಾಂಬ್ ಬೆದರಿಕೆಯ ಇಮೇಲ್. ಇವಳ ಶಾಲೆಗೆ ಬಂದಿರಲಿಲ್ಲ. ಆದರೆ ಅಮ್ಮಂದಿರ ವಾಟ್ಸ್ಯಾಪ್ ಗುಂಪುಗಳಿಗೆ ಅಷ್ಟು ವಿವರ ಬೇಕಿರಲಿಲ್ಲ. ಎರಡನೇ ಪೀರಿಯಡ್ ಮುಗಿಯುವಷ್ಟರಲ್ಲಿ ಗೇಟಿನ ಮುಂದೆ ಸ್ಕೂಟರುಗಳು ನಿಂತಿದ್ದವು. ಎಲ್ಲವೂ ಹುಸಿ ಅಂತ ಆಮೇಲೆ ಗೊತ್ತಾಯಿತು. ‘ನಮಗೆ ಮೇಲ್ ಬಂದಿಲ್ಲ ಅಂತ ಕೆಲವರಿಗೆ ಬೇಜಾರೇ ಆಗಿತ್ತು, ನಮ್ಮದೇನು ಅಷ್ಟು ಡಬ್ಬಾ ಶಾಲೇನಾ ಅಂತ. ಸಂಜೆ ಬೇರೆ ಶಾಲೆಯ ಪುಟಾಣಿಗಳು ಅಳ್ತಾ ಸಾಲಾಗಿ ಹೊರಗೆ ಬರೋ ವಿಡಿಯೋ ನೋಡಿದ್ವಿ. ಆಮೇಲೆ ಯಾರೂ ಜೋಕ್ ಮಾಡಲಿಲ್ಲ.’ ಚುರುಮುರಿಯ ಪೊಟ್ಟಣ ಮಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಅಷ್ಟರಲ್ಲಿ 2024ರ ಬೇಸಿಗೆ. ಜೆ.ಪಿ. ನಗರದ ಕೊನೆಯ ಫೇಸುಗಳಲ್ಲಿ ಬೋರ್‌ವೆಲ್ ಬತ್ತಿ ಟ್ಯಾಂಕರಿಗೆ ಸರದಿ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿಯ ಆದೇಶ. ಕ್ಲಾಸಿನಲ್ಲಿ ‘ಜಲ ಸಂರಕ್ಷಣೆ’ ಪ್ರಬಂಧ ಬರೆಸಿದರು. ನೂರು ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಿಂದ ನೀರೆತ್ತಿ ತಂದು ಈ ಊರಿಗೆ ಕುಡಿಸುತ್ತಾರೆ ಅನ್ನುವುದನ್ನು ಇವಳು ಬರೆದಿದ್ದಳಂತೆ. ‘ಪೀಠಿಕೆ, ಉಪಸಂಹಾರ ಇಲ್ಲ’ ಅಂತ ಕೆಂಪು ಇಂಕಿನಲ್ಲಿ ಬಂತು.

ಈ ಸೀರೀಸಿನ ಕೊನೆಯ ಎಪಿಸೋಡು ವಾರ್ಷಿಕ ಪರೀಕ್ಷೆ. ಆ ವರ್ಷ ಐದು, ಎಂಟು, ಒಂಬತ್ತಕ್ಕೂ ಬೋರ್ಡ್ ಪರೀಕ್ಷೆ ಅಂತ ಸರ್ಕಾರ ಹೇಳಿತ್ತು. ಮಾರ್ಚ್ 6ಕ್ಕೆ ಹೈಕೋರ್ಟಿನ ಏಕಸದಸ್ಯ ಪೀಠ ‘ಇಲ್ಲ’ ಅಂದಿತು. ಮಾರನೇ ದಿನವೇ ವಿಭಾಗೀಯ ಪೀಠ ಆ ಆದೇಶಕ್ಕೆ ತಡೆ ಕೊಟ್ಟಿತು. 11ಕ್ಕೆ ಪರೀಕ್ಷೆ ಶುರು. 12ಕ್ಕೆ ಎರಡನೇ ಪೇಪರ್ ಬರೆದು ಮನೆಗೆ ಬಂದರೆ ಸುಪ್ರೀಂ ಕೋರ್ಟಿನಿಂದ ಬ್ರೇಕು. ಮಾರನೇ ದಿನದ ಪೇಪರಿಗೆ ಅರ್ಧ ಓದಿಟ್ಟ ಪುಸ್ತಕ ಕೈಯಲ್ಲಿ, ಟಿವಿಯಲ್ಲಿ ವಕೀಲರು. 22ಕ್ಕೆ ಹೈಕೋರ್ಟು ಮತ್ತೆ ‘ಬರೆಸಿ’ ಅಂದಿತು, 25ರಿಂದ ಉಳಿದ ಪೇಪರುಗಳು. ಏಪ್ರಿಲ್ 8ಕ್ಕೆ ಸುಪ್ರೀಂ ಕೋರ್ಟು ಫಲಿತಾಂಶವನ್ನೇ ತಡೆಹಿಡಿಯಿತು. ಮಕ್ಕಳು ಒಂಬತ್ತಕ್ಕೆ ಹೋದರು.

‘ಬೋರ್ಡ್ ಎಕ್ಸಾಮ್ ಬರೆದಿದೀನಿ ಆಂಟಿ. ಎಷ್ಟು ಬಂತು ಅಂತ ಗೊತ್ತಿಲ್ಲ. ನನ್ನ ಮಾರ್ಕ್ಸು ಡೆಲ್ಲೀಲಿ ಸಿಕ್ಕಿಹಾಕ್ಕೊಂಡಿದೆ.’

ಇನ್ನು ನೀವೇ ಹೇಳಿ, ಏಕಸದಸ್ಯ ಪೀಠ, ವಿಭಾಗೀಯ ಪೀಠ, ತಡೆಯಾಜ್ಞೆ ಇವುಗಳ ವ್ಯತ್ಯಾಸ ನಮ್ಮಲ್ಲಿ ಎಷ್ಟು ಜನಕ್ಕೆ ನಿದ್ದೆಗಣ್ಣಲ್ಲಿ ಎಬ್ಬಿಸಿ ಕೇಳಿದರೆ ಗೊತ್ತು? ಈ ಮಕ್ಕಳಿಗೆ ಗೊತ್ತು. ಪೌರನೀತಿಯ ಪಾಠದಿಂದ ಬಂದ ಜ್ಞಾನವಲ್ಲ, ನಾಳೆ ಬೆಳಗ್ಗೆ ಯೂನಿಫಾರ್ಮ್ ಇಸ್ತ್ರಿ ಮಾಡಬೇಕೋ ಬೇಡವೋ ಅನ್ನುವ ತುರ್ತಿನಿಂದ ಬಂದದ್ದು. 1982ರಲ್ಲಿ ನಾವು ಹೈಸ್ಕೂಲಿನಲ್ಲಿದ್ದಾಗ ಗೋಕಾಕ್ ಚಳವಳಿ ನಡೆಯಿತು. ರಾಜ್‌ಕುಮಾರ್ ಬರುತ್ತಾರೆ ಅಂತ ಗುಂಪುಗೂಡಿ ಹೋಗಿ, ಜನರ ಕಾಲಡಿಯಲ್ಲಿ ನುಸುಳಿ, ಕಂಡಷ್ಟು ಕಂಡು ಮನೆಗೆ ಬಂದು ಉಂಡು ಮಲಗಿದೆವು. ಸುದ್ದಿ ಅಂದರೆ ನಮಗೆ ಹೋಗಿ ನೋಡಿಕೊಂಡು ಬರುವ ಸಂಗತಿ. ಈ ಮಕ್ಕಳ ಬೆಂಚಿನಲ್ಲೇ ಅದು ಸರಿದು ಕೂತಿದೆ, ಎದ್ದು ಹೋಗುವ ಲಕ್ಷಣವಿಲ್ಲ.

ಶಾಲೆ ಮಾತ್ರ ಅದನ್ನು ಬೆಂಚಿನ ಮೇಲೆ ಕಂಡೂ ಕಾಣದ ಹಾಗೆ ಹಾಜರಿ ತೆಗೆದುಕೊಳ್ಳುತ್ತದೆ. 2025ರ ಮೇನಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬುಕರ್ ಬಂತಲ್ಲ, ಶಾಲೆ ತೆರೆದ ಮೇಲೆ ಅದು ಒಂದು ಅಂಕದ ಪ್ರಶ್ನೆಯಾಯಿತು: ‘ಅಂತರರಾಷ್ಟ್ರೀಯ ಬುಕರ್ ಪಡೆದ ಮೊದಲ ಕನ್ನಡ ಲೇಖಕಿ ಯಾರು?’ ಅನುವಾದಿಸಿದ ದೀಪಾ ಭಸ್ತಿಯವರಿಗೆ ಇನ್ನೊಂದು ಅಂಕ. ಆ ಪುಸ್ತಕದ ಹನ್ನೆರಡು ಕಥೆಗಳಲ್ಲಿ ಏನಿದೆ ಅಂತ ಯಾರೂ ಕೇಳಲಿಲ್ಲ. ಸೆಪ್ಟೆಂಬರಿನಲ್ಲಿ ಬಾನು ಅವರೇ ದಸರಾ ಉದ್ಘಾಟಿಸಬೇಕೋ ಬೇಡವೋ ಅಂತ ಊರೆಲ್ಲ ಜಗಳ ನಡೆದಾಗ ಇವಳು ಕ್ಲಾಸಿನಲ್ಲಿ ಬಾಯಿ ತೆರೆದಳು. ‘ಇಲ್ಲಿ ಪಾಲಿಟಿಕ್ಸ್ ಬೇಡ’ ಅಂತ ಕೂರಿಸಿದರು. ‘ಒಂದು ಮಾರ್ಕಿಗೆ ಆದ್ರೆ ಜಿ.ಕೆ., ಒಂದು ಮಾತಿಗೆ ಆದ್ರೆ ಪಾಲಿಟಿಕ್ಸು’ ಅನ್ನುತ್ತ ಮೂತಿ ತಿರುವಿದಳು.

ಕಳೆದ ಸಲ ರದ್ದಿಯವನು ಬಂದಿದ್ದಾಗ ಇವಳು ಶಾಲೆಯಿಂದ ಬಂದವಳೇ ಬ್ಯಾಗನ್ನು ಅವನ ತಕ್ಕಡಿಗೆ ನೇತುಹಾಕಿಸಿದಳು. ಒಂಬತ್ತು, ಹತ್ತನೇ ಕ್ಲಾಸಿನ ಮಕ್ಕಳ ಬ್ಯಾಗು ನಾಲ್ಕರಿಂದ ಐದು ಕೇಜಿ ಮೀರಬಾರದು ಅಂತ ಇಲಾಖೆಯ ಆದೇಶವೇ ಇದೆ. ಮುಳ್ಳು ಒಂಬತ್ತು ದಾಟಿ ನಿಂತಿತು. ಪಕ್ಕದಲ್ಲೇ ಅಜ್ಜಿಯ ತಿಂಗಳ ಪೇಪರುಗಳ ಕಟ್ಟು ತೂಗಿದರೆ ಅದು ಏಳಕ್ಕೆ ನಿಂತಿತು. ರದ್ದಿಯವನು ಬ್ಯಾಗಿನ ಕಡೆ ನೋಡಿ, ‘ಇದೂ ಕೊಡ್ತೀರಾ?’ ಅಂದ. ‘ಮಾರ್ಚ್ ಆದ್ಮೇಲೆ ಬನ್ನಿ’ ಅಂದಳು.

ಕೆಲವು ಸುದ್ದಿಗಳಿಗೆ ಅವಳ ಹತ್ತಿರ ಇಂಥ ಚುರುಕು ಮಾತಿಲ್ಲ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದಾಗ ನಮ್ಮ ರಸ್ತೆಯಲ್ಲಿ ದೀಪಾವಳಿಯೇ ಆಯಿತು. ಹದಿನೆಂಟನೇ ಸೀಸನ್ನು. ಇವಳು ಹುಟ್ಟುವುದಕ್ಕೆ ಮುಂಚಿನಿಂದಲೂ ಆ ಕಪ್ಪಿಗಾಗಿ ಜಪ ಮಾಡಿದ ಊರು ಇದು. ಮಾರನೇ ದಿನ ಬುಧವಾರ, ಶಾಲೆ ಇತ್ತು. ಮಧ್ಯಾಹ್ನ ಕ್ಲಾಸಿಗೆ ಚಕ್ಕರ್ ಹೊಡೆದು ಹಸಿರು ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಟೀಮನ್ನು ನೋಡಲು ಕಬ್ಬನ್ ಪಾರ್ಕಿನಲ್ಲಿ ಇಳಿಯುವ ಯೋಜನೆ ಹಿಂದಿನ ಬೆಂಚಿನಲ್ಲಿ ಸಿದ್ಧವಾಗಿತ್ತು. ಒಬ್ಬಳಿಗೆ ಅಮ್ಮ ಫೋನ್ ಮಾಡಿದ್ದರಿಂದ ಯೋಜನೆ ಮುರಿಯಿತು. ಸಂಜೆ ಚಿನ್ನಸ್ವಾಮಿ ಸ್ಟೇಡಿಯಮ್ಮಿನ ಗೇಟುಗಳ ಹತ್ತಿರ ಕಾಲ್ತುಳಿತ. ಸತ್ತ 11 ಜನರಲ್ಲಿ ಶಾಲೆಗೆ ಹೋಗುವ ಹುಡುಗಿಯೂ ಇದ್ದಳು.

‘ತಪ್ಪು ಯಾರದು ಅಂತ ಎಲ್ಲರೂ ಮಾತಾಡಿದ್ರು. ಪೊಲೀಸರದು, ಸರ್ಕಾರದ್ದು, ಟೀಮಿಂದು. ನಮ್ಮ ಮಿಸ್ ಬಂದು, ನೋಡಿ, ಕ್ರಿಕೆಟ್ ಹುಚ್ಚು ಬಿಟ್ಟು ಓದಿ ಅಂದ್ರು. ಆ ಹುಡುಗಿ ಓದ್ತಿರ್ಲಿಲ್ಲ ಅಂತ ಇವ್ರಿಗೆ ಹೇಗೆ ಗೊತ್ತು ಆಂಟಿ?’ ನನ್ನಲ್ಲಿ ಉತ್ತರ ಇರಲಿಲ್ಲ. ಅಜ್ಜಿ ಒಳಗಿಂದ ಬಂದು ಅವಳ ತಲೆ ಸವರಿ, ‘ನೀನು ಹೋಗ್ಲಿಲ್ವಲ್ಲ’ ಅಂದರು. ‘ಅದೇ ಅಜ್ಜಿ, ಹೋಗ್ಬೇಕಿತ್ತಲ್ಲ’ ಅಂದಳು.

ಮಾತು ತಿರುಗಿಸಲು ನಾನು ಸಮೀಕ್ಷೆಯ ವಿಷಯ ಎತ್ತಿದೆ. ಅದು ಅವಳ ಇಷ್ಟದ ಅಧ್ಯಾಯ. ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮೇಷ್ಟ್ರುಗಳನ್ನೆಲ್ಲ ಮನೆ ಮನೆಗೆ ಕಳಿಸಿದರಲ್ಲ, ಅದಕ್ಕಾಗಿ ಸರ್ಕಾರಿ, ಅನುದಾನಿತ ಶಾಲೆಗಳಿಗೆ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಇವಳ ಮನೆಗೆ ಬಂದದ್ದು ಇವಳದೇ ಶಾಲೆಯ ಹಿಂದಿ ಮಿಸ್ಸು. ಅರವತ್ತು ಪ್ರಶ್ನೆ. ಕ್ಲಾಸಿನಲ್ಲಿ ಗುಡುಗುವವರು ಸೋಫಾದ ತುದಿಯಲ್ಲಿ ಕೂತು, ಹೆಗಲಿನ ಬ್ಯಾಗು ಕೂಡ ಇಳಿಸದೆ, ‘ನಿಮ್ಮ ಮನೇಲಿ ಫ್ರಿಜ್ ಇದೆಯಾ ಅಮ್ಮ?’ ಅಂತ ಮೆಲ್ಲಗೆ ಕೇಳುತ್ತಿದ್ದರೆ, ಇವಳು ಬಾಗಿಲ ಸಂದಿಯಿಂದ ಆ ಆನಂದ ಸವಿಯುತ್ತಿದ್ದಳು.

ಅಜ್ಜಿಗೆ ತಮ್ಮ ವಯಸ್ಸೇ ಖಚಿತವಿಲ್ಲ. ಆಧಾರಿನಲ್ಲಿ ಒಂದು, ಜಾತಕದಲ್ಲಿ ಒಂದು, ಮನಸ್ಸಿನಲ್ಲಿ ಮತ್ತೊಂದು. ಉಪಜಾತಿಯ ಪ್ರಶ್ನೆಗೆ ಅಪ್ಪ ಒಂದು ಹೇಳಿದರು, ಅಜ್ಜಿ ‘ಅದು ನಿಮ್ಮಪ್ಪನ ಕಡೆಯವರ ಜಂಬ’ ಅಂತ ಇನ್ನೊಂದು ಹೇಳಿದರು. ಆ್ಯಪು ಒಟಿಪಿಗಾಗಿ ಕಾಯುತ್ತ ನಿಂತಿತು. ಅಷ್ಟು ಹೊತ್ತಿಗೆ ಅಜ್ಜಿ ಕಾಫಿ ಕೊಟ್ಟು ತಮ್ಮ ಸಮೀಕ್ಷೆ ಶುರು ಮಾಡಿದ್ದರು: ಮಿಸ್ಸಿನ ಊರು ಯಾವುದು, ಯಜಮಾನರಿಗೆ ಏನು ಕೆಲಸ, ಮಕ್ಕಳೆಷ್ಟು, ಬಿಟಿಎಂನಲ್ಲಿ ಬಾಡಿಗೆ ಎಷ್ಟು. ಅಜ್ಜಿಯ ಫಾರಂ ಮೊದಲು ತುಂಬಿತು. ಹೋಗುವಾಗ ಮಿಸ್ಸು ಇವಳ ಕಡೆ ತಿರುಗಿ, ‘ಪೋರ್ಷನ್ ಮುಗಿದಿಲ್ಲ ಅಂತ ನಂಗೂ ಗೊತ್ತು ಕಣೇ, ಇವತ್ತು ಇನ್ನೂ ಎಷ್ಟು ಮನೆ ಬಾಕಿ ಇದೆ ನೋಡು’ ಅಂದರಂತೆ. ‘ಅವತ್ತು ಫಸ್ಟ್ ಟೈಮ್ ಅವ್ರನ್ನ ನೋಡಿ ಪಾಪ ಅನ್ನಿಸ್ತು. ಅವ್ರಿಗೂ ಯಾರೋ ಮೇಲಿಂದ ಹೋಂವರ್ಕ್ ಕೊಡ್ತಾರೆ ಅಂತ ನಂಗೆ ಹೊಳೆದೇ ಇರ್ಲಿಲ್ಲ.’

ಆ ಮಿಸ್ಸಿನ ಕೆಲಸದ ಮೇಲೂ ಒಂದು ಸುದ್ದಿ ತೂಗುತ್ತಿದೆ. ಸುಖದೇವ ಥೋರಟ್ ಅವರ ಶಿಕ್ಷಣ ನೀತಿ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು, ಎರಡು ಭಾಷೆ ಸಾಕು ಅಂದಿತು. ಕ್ಲಾಸಿನಲ್ಲಿ ಹಿಂದಿ ಹೋಗುತ್ತೆ ಅಂತ ಕುಣಿದವರಲ್ಲಿ ಇವಳೂ ಒಬ್ಬಳು. ‘ಹಿಂದಿ ಹೋಗ್ಲಿ, ಮಿಸ್ ಇರ್ಲಿ. ಹಾಗೆ ಆಗತ್ತಾ?’ ಇನ್ನೊಂದು ಸುದ್ದಿ ಅಕ್ಟೋಬರಿನದು: ಎಸ್ಸೆಸ್ಸೆಲ್ಸಿ ಪಾಸಾಗಲು ಇನ್ನು ಒಟ್ಟು ಶೇಕಡಾ 33 ಸಾಕು, 625ಕ್ಕೆ 206, ಪ್ರತಿ ವಿಷಯಕ್ಕೆ 30 ಇರಬೇಕು. ಮೂವತ್ತೈದು ಅನ್ನುವ ಅಂಕಿಗೆ ನಮ್ಮ ಕಾಲದಿಂದ ಇದ್ದ ಪಾವಿತ್ರ್ಯವೇ ಹೋಯಿತು ಅಂತ ಅಜ್ಜಿ ನೊಂದುಕೊಂಡರು. ಜೊತೆಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ, ಒಂದು ಕೈಕೊಟ್ಟರೆ ಇನ್ನೊಂದು. ‘ಅಷ್ಟು ಸುಲಭ ಆದ್ರೆ ನಿಂಗ್ಯಾಕೆ ಟೆನ್ಷನ್ನು?’ ಅಂದೆ. ‘ಪಾಸಾಗೋದು ಸುಲಭ ಆಂಟಿ, ಅಪ್ಪ ಅಮ್ಮಂಗೆ ಸಾಕಾಗೋದು ಕಷ್ಟ. ಅದಕ್ಕೆ ಮಿನಿಮಮ್ ಎಷ್ಟು ಅಂತ ಯಾವ ಮಿನಿಸ್ಟ್ರೂ ಹೇಳಿಲ್ಲ.’

ನೇಪಾಳದ ಗಲಾಟೆಯ ದಿನಗಳಲ್ಲಿ ನಮ್ಮ ಗೋಡೆಯ ಬಳಿಯೇ ಅಜ್ಜಿ ಮೊಮ್ಮಗಳ ಮಧ್ಯೆ ಮಹಾಯುದ್ಧ ನಡೆದಿತ್ತು. 2025ರ ಸೆಪ್ಟೆಂಬರಿನಲ್ಲಿ ಅಲ್ಲಿನ ಸರ್ಕಾರ 26 ಸೋಷಿಯಲ್ ಮೀಡಿಯಾ ಆ್ಯಪುಗಳನ್ನು ನಿಲ್ಲಿಸಿತು, 8ನೇ ತಾರೀಕು ಮಕ್ಕಳು ಯೂನಿಫಾರ್ಮಿನಲ್ಲೇ ಬೀದಿಗೆ ಬಂದರು, ಗುಂಡು ಹಾರಿತು, ಮರುದಿನ ಪ್ರಧಾನಿ ಓಲಿ ರಾಜೀನಾಮೆ ಕೊಟ್ಟರು. ‘ಫೋನಿಗೋಸ್ಕರ ಸರ್ಕಾರ ಬೀಳಿಸೋದಾ!’ ಅಂತ ಅಜ್ಜಿ ಹಣೆ ಚಚ್ಚಿಕೊಂಡರು. ‘ಫೋನಿಗಲ್ಲ ಅಜ್ಜಿ, ಲಂಚಕ್ಕೆ. ಫೋನಲ್ಲಿ ಲಂಚದ ಬಗ್ಗೆ ಬರೀತಿದ್ರು, ಅದಕ್ಕೇ ಫೋನ್ ನಿಲ್ಸಿದ್ದು ಅಂತ ಅವ್ರ ಸಿಟ್ಟು’ ಅಂತ ಇವಳು. ಹೊಸ ಪ್ರಧಾನಿ ಯಾರಾಗಬೇಕು ಅಂತ ಆಟದ ಹುಡುಗರು ಹರಟುವ ಡಿಸ್ಕಾರ್ಡ್‌ನಲ್ಲಿ ಮತ ಹಾಕಿ ಸುಶೀಲಾ ಕರ್ಕಿ ಅವರನ್ನು ಆರಿಸಿದ್ದು ಅಂದಾಗಂತೂ ಅಜ್ಜಿ ಕುರ್ಚಿ ಹುಡುಕಿ ಕೂತರು. ‘ವಿದ್ಯಾರ್ಥಿಗಳು ಓದಬೇಕು, ಅಷ್ಟೇ. ನಮ್ಮ ಕಾಲದಲ್ಲಿ ಹೀಗಿರಲಿಲ್ಲ.’

ಇಲ್ಲಿ ನಾನು ಮಧ್ಯೆ ಬಾಯಿ ಹಾಕಬೇಕಾಯಿತು. ಅಜ್ಜಿ ವಾರಕ್ಕೊಮ್ಮೆ ಮಗಳ ಮನೆಗೆ ಹೋಗುವ ಜೆ.ಪಿ. ನಗರಕ್ಕೆ ಯಾರ ಹೆಸರು? 1974ರಲ್ಲಿ ಬಿಹಾರದ ವಿದ್ಯಾರ್ಥಿಗಳು ಬೀದಿಗಿಳಿದು, ನೀವು ನಮ್ಮನ್ನು ಮುನ್ನಡೆಸಿ ಅಂತ ಕರೆದದ್ದು ಆ ಜಯಪ್ರಕಾಶ ನಾರಾಯಣರನ್ನೇ. ಅಷ್ಟು ದೂರ ಯಾಕೆ, ಇಲ್ಲೇ ಜಯನಗರದಲ್ಲೂ ಬಸವನಗುಡಿಯಲ್ಲೂ ಇರುವ ನ್ಯಾಷನಲ್ ಕಾಲೇಜುಗಳ ಎಚ್. ನರಸಿಂಹಯ್ಯನವರು 1942ರಲ್ಲಿ ಓದು ಬಿಟ್ಟು ಕ್ವಿಟ್ ಇಂಡಿಯಾ ಚಳವಳಿಗೆ ಹೋಗಿ ಜೈಲು ಕಂಡವರು. ಆಮೇಲೆ ವಾಪಸು ಬಂದು ಓದಿ, ಪ್ರಿನ್ಸಿಪಾಲರಾಗಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿ, ಹುಡುಗರಿಗೆ ಜೀವಮಾನವಿಡೀ ಹೇಳಿದ್ದು ಒಂದೇ: ಯಾವುದನ್ನೂ ಪ್ರಶ್ನೆ ಕೇಳದೆ ಒಪ್ಪಬೇಡಿ.

ಅಜ್ಜಿಗೆ ಎಚ್ಚೆನ್ ಅಂದರೆ ಭಕ್ತಿ, ತಕ್ಷಣ ತಣ್ಣಗಾದರು. ಇವಳು ಮಾತ್ರ ಕಣ್ಣರಳಿಸಿ ಕೇಳಿದಳು, ‘ಅವ್ರಿಗೆ ಅಟೆಂಡೆನ್ಸ್ ಶಾರ್ಟೇಜ್ ಆಗ್ಲಿಲ್ವಾ?’

ಡಿಸೆಂಬರ್ 10ರಿಂದ ಆಸ್ಟ್ರೇಲಿಯಾದಲ್ಲಿ ಹದಿನಾರರೊಳಗಿನ ಮಕ್ಕಳಿಗೆ ಸೋಷಿಯಲ್ ಮೀಡಿಯಾ ಬಂದ್ ಅಂತ ಸುದ್ದಿ ಬಂದಾಗ ಈ ಯುದ್ಧದ ಎರಡನೇ ಭಾಗ ನಡೆಯಿತು. ‘ಒಳ್ಳೇದೇ ಮಾಡಿದ್ದಾರೆ’ ಅಂದರು ಅಜ್ಜಿ, ಅಷ್ಟು ಹೇಳಿ ಫೋನಿನಲ್ಲಿ ರಂಗೋಲಿಯ ರೀಲ್ಸ್‌ಗೆ ಮರಳಿದರು. ಎಪ್ಪತ್ತರ ಮೇಲಿನವರಿಗೆ ಇಂಥ ಕಾನೂನು ಬರಬೇಕು ಅನ್ನುವುದು ಮೊಮ್ಮಗಳ ಬೇಡಿಕೆ.

ಊರಿನ ಸುದ್ದಿಗೆ ಬರೋಣ. ಇವಳು ಪ್ರೈಮರಿಯಲ್ಲಿದ್ದಾಗ ಎದ್ದು ನಿಂತ ಕಂಬಗಳ ಮೇಲೆ ಹಳದಿ ಮೆಟ್ರೋ ಓಡಿದ್ದು ಇವಳು ಹತ್ತಕ್ಕೆ ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿಲೋಮೀಟರ್. ಶುರುವಿನಲ್ಲಿ ರೈಲು ಮೂರೇ, 25 ನಿಮಿಷಕ್ಕೊಂದು. ನಡುವೆ ಜಯದೇವ ಮೇಲ್ಸೇತುವೆಯನ್ನು ಕೆಡವಿದ್ದನ್ನೂ ರಾಗಿಗುಡ್ಡದ ಡಬಲ್ ಡೆಕ್ಕರ್ ಎದ್ದದ್ದನ್ನೂ ಕಂಡಿದ್ದಾಳೆ. ಕಟ್ಟುವುದು, ಕೆಡವುವುದು, ಕಾಯುವುದು ಮೂರನ್ನೂ ಕಂಡಿರುವ ಇವಳು ಕಾಣದಿರುವುದು ಒಂದನ್ನೇ: ಕಾರ್ಪೊರೇಟರ್. ಪಾಲಿಕೆಗೆ ಕೊನೆಯ ಚುನಾವಣೆ ಆದದ್ದು 2015ರಲ್ಲಿ, ಅದರ ಅವಧಿ ಮುಗಿದದ್ದು 2020ರ ಸೆಪ್ಟೆಂಬರಿನಲ್ಲಿ. ಅಂದರೆ ಇವಳು ಊಟದ ಮೇಜಿನ ಮೇಲೆ ಐದನೇ ಕ್ಲಾಸು ಓದುತ್ತಿದ್ದಾಗ. ‘ಸ್ಥಳೀಯ ಸರ್ಕಾರ ಅಂತ ಪಾಠ ಇದೆ ಆಂಟಿ. ನಂಗೆ ಡೈನೋಸಾರ್ ಪಾಠ ಓದಿದ ಹಾಗಾಗತ್ತೆ.’

‘ನೀವು ಹದಿನೆಂಟಾದ ಮೇಲೆ ಓಟು ಹಾಕಿ ಎಲ್ಲ ಸರಿ ಮಾಡಿ’ ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಹಾಗೆ ಹೇಳಿದ ನಮ್ಮ ಎದುರುಮನೆಯ ನಿವೃತ್ತ ಅಂಕಲ್ಲಿಗೆ ಅವಳು ಲೆಕ್ಕ ಒಪ್ಪಿಸಿದಳು. 2023ರ ಮೇನಲ್ಲಿ ಜಯನಗರ ವಿಧಾನಸಭಾ ಕ್ಷೇತ್ರದ ಎಣಿಕೆ ಮಧ್ಯರಾತ್ರಿಯ ಹತ್ತಿರ ಹೋಗಿ ನಿಂತದ್ದು ಎಷ್ಟಕ್ಕೆ? ಸಿ.ಕೆ. ರಾಮಮೂರ್ತಿಯವರಿಗೆ 57,797, ಸೌಮ್ಯಾ ರೆಡ್ಡಿಯವರಿಗೆ 57,781. ಅಂತರ 16. ‘ನಮ್ಮ ಕ್ಲಾಸಲ್ಲಿ ಲಾಸ್ಟ್ ಎರಡು ಬೆಂಚಲ್ಲಿ ಅಷ್ಟು ಜನ ಕೂರ್ತೀವಿ ಅಂಕಲ್.’ ಜನ ಊರು ಬಿಟ್ಟು ಹೋಗದಿರಲಿ ಅಂತ ಆ ಮತದಾನವನ್ನು ಬುಧವಾರಕ್ಕೆ ಇಟ್ಟಿದ್ದರು. 2024ರ ಲೋಕಸಭೆಗೆ ಶುಕ್ರವಾರ ಸಿಕ್ಕಿತು. ಬೆಂಗಳೂರು ದಕ್ಷಿಣದಲ್ಲಿ ಬೂತಿಗೆ ಹೋದವರು ನೂರಕ್ಕೆ 53ರ ಆಸುಪಾಸು. ‘ನಂಗೆ 53 ಬಂದ್ರೆ ಅಪ್ಪ ಮನೆಗೆ ಸೇರಿಸ್ತಾರಾ?’ ಅಂಕಲ್ಲಿಗೆ ಅಷ್ಟರಲ್ಲಿ ವಾಕಿಂಗಿನ ಹೊತ್ತಾಯಿತು.

ಈ ವಾರ ಅವಳು ಗೋಡೆಯ ಹತ್ತಿರ ಬಂದದ್ದು ಪ್ರಿಪರೇಟರಿಯ ಕನ್ನಡ ಉತ್ತರ ಪತ್ರಿಕೆ ಹಿಡಿದು. ಪತ್ರಲೇಖನದ ಪ್ರಶ್ನೆ ನಿಮಗೂ ಬಾಯಿಪಾಠ ಇರುತ್ತದೆ: ನಿಮ್ಮ ಬಡಾವಣೆಯ ಕೊರತೆ ಸರಿಪಡಿಸುವಂತೆ ಕೋರಿ ಪಾಲಿಕೆ ಆಯುಕ್ತರಿಗೆ ಒಂದು ಪತ್ರ ಬರೆಯಿರಿ. ಗೈಡಿನಲ್ಲಿ ಚರಂಡಿ, ಬೀದಿದೀಪ, ಸೊಳ್ಳೆ ಅಂತ ಸಿದ್ಧ ಉತ್ತರಗಳಿವೆ. ಇವಳು ಬಸ್ ಸ್ಟಾಪಿನ ಪಕ್ಕದ ಫುಟ್‌ಪಾತಿನಲ್ಲಿ ಮುರಿದ ಚಪ್ಪಡಿಯ ಬಗ್ಗೆ ಬರೆದಿದ್ದಾಳೆ. ಯಾವ ಮರದ ಬೇರು ಎತ್ತಿದ್ದು, ಅಂಗಡಿಯವರು ಗುರುತಿಗೆ ಯಾವ ಬಣ್ಣದ ಬಕೆಟ್ ಮಗುಚಿಟ್ಟಿದ್ದಾರೆ, ಮಳೆ ಬಂದಾಗ ಆ ಬಕೆಟ್ ತೇಲಿಹೋಗಿ ಗುರುತೂ ಇಲ್ಲದಂತಾಗುವುದು ಹೇಗೆ, ಎಲ್ಲ ಇದೆ. ಆದರೂ ಅರ್ಧ ಅಂಕ ಕಡಿತ. ಕಾರಣ ವಿಳಾಸ. ಗೈಡಿನಲ್ಲಿರುವುದು ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ. ಆ ಪಾಲಿಕೆ ಹೋಗಿ, 2025ರ ಸೆಪ್ಟೆಂಬರ್ 2ಕ್ಕೆ ಐದು ಪಾಲಿಕೆ ಬಂದವಲ್ಲ. ಇವಳು ಐದರಲ್ಲಿ ನಮ್ಮ ಪಾಲಿಗೆ ಬಂದದ್ದರ ಹೆಸರು ಬರೆದಿದ್ದಾಳೆ. ಕೀ ಆನ್ಸರಿನಲ್ಲಿ ಅದಿಲ್ಲ.

‘ಹೋಗಿ ಕೇಳಲಿಲ್ವಾ?’ ಅಂದೆ.

‘ಕೇಳ್ದೆ. ನೀನು ಬರ್ದಿರೋದೇ ಸರಿ, ಆದ್ರೆ ಪಬ್ಲಿಕ್ ಎಕ್ಸಾಮಲ್ಲಿ ರಿಸ್ಕ್ ತಗೋಬೇಡ ಅಂದ್ರು.’

‘ಈಗೇನು ಮಾಡ್ತೀಯ?’

‘ಎರಡು ಕಾಪಿ. ಮಾರ್ಚ್‌ನಲ್ಲಿ ಹಳೇ ವಿಳಾಸ, ಔಟ್ ಆಫ್ ಔಟ್ ಬೇಕಲ್ಲ. ಹೊಸ ವಿಳಾಸದ್ದು ನಾಳೆ ನಿಜವಾಗ್ಲೂ ಪೋಸ್ಟಿಗೆ.’ ಗೋಡೆಯ ಮೇಲೆ ಇನ್ನೊಂದು ಹಾಳೆ ಇಟ್ಟಳು. ಅದೇ ಪತ್ರ, ಕೆಳಗೆ ಅವಳ ಸಹಿ, ಅಜ್ಜಿಯ ಸಹಿ. ಅಜ್ಜಿ ಆ ಕಡೆಯಿಂದಲೇ ಕೂಗಿದರು, ‘ಓದದೆ ಸಹಿ ಹಾಕಬೇಡಿ, ಎಚ್ಚೆನ್ ಏನು ಹೇಳಿದ್ದಾರೆ!’ ಓದಿದೆ. ಪೀಠಿಕೆಯೂ ಇತ್ತು, ಉಪಸಂಹಾರವೂ ಇತ್ತು. ಸಹಿ ಹಾಕಿ, ‘ಮೂರು ಜನರ ಸಹಿಗೆ ಯಾರು ಹೆದರ್ತಾರೆ?’ ಅಂದೆ.

‘ಎದುರುಮನೆ ಅಂಕಲ್ ಹತ್ರಾನೂ ಹಾಕ್ಸಿ, ಆ ನಾಲ್ಕಂತಸ್ತಿನವ್ರ ಹತ್ರಾನೂ ಹಾಕ್ಸಿ. ಹದಿನಾರು ಆದ್ರೆ ಸಾಕು ಆಂಟಿ. ಜಯನಗರದಲ್ಲಿ ಅಷ್ಟಕ್ಕೆ ಎಮ್ಮೆಲ್ಲೆನೇ ಬದಲಾಗ್ತಾರೆ, ಒಂದು ಚಪ್ಪಡಿ ಬದಲಾಗಲ್ವಾ?’